ಆರ್ ತೊಂಬತ್ತೊಂಬತ್ತು

ಕೋಲಾರದ ದೊಡ್ಡಾಸ್ಪತ್ರೆ, ಮೆಟ್ಟಿಲ ಕೆಳಗೊಂದು ಬಾಗಿಲು.
'ವೈದ್ಯಕೀಯ ದಾಖಲೆ' ಅಂತ ಬರೆಸಿದ್ದರು,
'ವೈ' ಉದುರಿ ಈಗ ಬರೀ 'ದ್ಯಕೀಯ'.
ಒಳಗೆ ನಾನು, ಕತ್ತು ಮುರಿದ ಟೇಬಲ್ ಫ್ಯಾನು,
ಬಿಳಿ ಲಾಡಿಯಲ್ಲಿ ಬಿಗಿದಿಟ್ಟ ಇಷ್ಟು ವರ್ಷದ ಜ್ವರಗಳು.

ನರ್ಸಾ? ಅಲ್ಲ. ಲ್ಯಾಬಾ? ಅಲ್ಲ.
ಮತ್ತೆ ಏನು ಅಂತ ಹೆಣ್ಣು ನೋಡಲು ಬಂದವರು ಕೇಳಿದಾಗ
ಅಮ್ಮನೇ ಮಾತು ಮುಗಿಸಿದಳು:
'ನಮ್ಮುಡುಗಿ ಆಸ್ಪತ್ರೇಲಿ ಬರೀತಾಳೆ.'

ನಿಜ, ಬರೀತೀನಿ.
ಡಾಕ್ಟರರ ಕಾಗೆಕಾಲು ಬಿಡಿಸಿ
ಒಂದೊಂದು ನೋವಿಗೂ ಒಂದು ನಂಬರು.
ನಾಯಿ ಕಚ್ಚಿದರೆ ಡಬ್ಲ್ಯೂ ಐವತ್ನಾಲ್ಕು,
ಹಾವಾದರೆ ಎಕ್ಸ್ ಇಪ್ಪತ್ತು.
ಸುಖವಾಗಿ ಹೆತ್ತವಳಿಗೆ ಓ ಎಂಬತ್ತು
(ಹೆರಿಗೆ ವಾರ್ಡು ನನ್ನ ತಲೆ ಮೇಲೇ ಇದೆ,
ಸುಖ ಹೇಗೆ ಕೂಗುತ್ತೆ ಅಂತ ಗೊತ್ತು).
ಯಾಕೆಂದು ತಿಳಿಯದೆ ಹೋದವರಿಗೆ
ಆರ್ ತೊಂಬತ್ತೊಂಬತ್ತು.

ಕಲಿಸಿದವರು ಖಲಂದರ್ ಸಾಬರು.
ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೇ ಕೆಳಗಿಳಿದು ಬಂದು
'ಅಂಜಿನಮ್ಮ, ಹನ್ನೊಂದನೇ ಇಸವಿ ಕಟ್ಟು
ಗೋಡೆಗೆ ತಾಗಿಸಬೇಡ, ಗೆದ್ದಲು' ಅಂದರು.
ಅವರ ಹುದ್ದೆ ಅವರ ಹಿಂದೆಯೇ ಹೋಯಿತು,
ಕುರ್ಚಿ ಉಳಿಯಿತು.
ಕೂತವಳು ನಾನು, ಏಜೆನ್ಸಿ ಬಿಲ್ಲಿನಲ್ಲಿ
'ಮಾನವ ಸಂಪನ್ಮೂಲ: ೧.'
ಮಾರ್ಚ್ ಕೊನೆಗೆ ನನ್ನ ಕೆಲಸ ಸಾಯುತ್ತೆ,
ಏಪ್ರಿಲ್ ಎರಡಕ್ಕೆ ಮತ್ತೆ ಹುಟ್ಟುತ್ತೆ.
ನಡುವಿನ ಒಂದು ದಿನಕ್ಕೆ
ನಾನೆಷ್ಟು ಹುಡುಕಿದರೂ ಕೋಡಿಲ್ಲ.

ಒಂಬತ್ತು ವರ್ಷಕ್ಕೆ ಅಧಿಸೂಚನೆ ಬಂತು.
ವಯೋಮಿತಿ ದಾಟಲು ನನಗೆ ನಾಲ್ಕು ತಿಂಗಳು ಬಾಕಿ.
ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ,
ಊರೆಲ್ಲರ ದಾಖಲೆ ಕಾಯುವವಳು
ನನ್ನವಕ್ಕಾಗಿ ನಾಡಕಚೇರಿಯಲ್ಲಿ ಆರು ಸಲ ನಿಂತೆ.
ವೇಮಗಲ್ಲಿನ ಬಸ್ಸಿನಲ್ಲಿ, ಕಂಬಿಗೆ ಆತು,
ಟೊಮೇಟೊ ಕ್ರೇಟುಗಳ ಹುಳಿ ವಾಸನೆಯಲ್ಲಿ
ಅಂಗರಚನೆ ಬಾಯಿಪಾಠ ಮಾಡಿದೆ.

ಪರೀಕ್ಷೆಯ ಭಾನುವಾರ. ಅರವತ್ತೊಂದನೇ ಪ್ರಶ್ನೆ:
ಒಳರೋಗಿಯ ಕಡತವನ್ನು ಎಷ್ಟು ವರ್ಷ ಇಡಬೇಕು?
ನಾಲ್ಕು ಉತ್ತರ, ನಾಲ್ಕು ಖಾಲಿ ಸೊನ್ನೆ.
ನನಗೆ ಗೊತ್ತಿತ್ತು. ಗೊತ್ತಿದ್ದೂ ಪೆನ್ನು ನಿಂತಿತು.

ಶ್ರೀನಿವಾಸಪುರದ ಕಡೆಯ ಪಾಪಕ್ಕ,
ಮಾವಿನ ಮಂಡಿಯಲ್ಲಿ ಬುಟ್ಟಿ ಹೊರುವವಳು,
ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬರುತ್ತಾಳೆ.
ಪರಿಹಾರಕ್ಕಲ್ಲ, ಪಿಂಚಣಿಗಲ್ಲ.
'ಅಮ್ಮಣ್ಣಿ, ಅವನ ಸೈನು ಒಂದ್ಸಲ ತೋರ್ಸು.'
ರಾತ್ರಿ ಶಾಲೆಯಲ್ಲಿ ಹೆಸರು ಬರೆಯಲು ಕಲಿತವನು
ಹೆಬ್ಬೆಟ್ಟು ಬಿಟ್ಟು ಹಾಕಿದ ಮೊದಲ ರುಜು
ಆಪರೇಷನ್ನಿನ ಒಪ್ಪಿಗೆ ಪತ್ರದಲ್ಲಿದೆ.
ಎರಡನೆಯದು ಎಲ್ಲೂ ಇಲ್ಲ.
ಎರಡು ಸಲ ವಿಲೇವಾರಿ ಪಟ್ಟಿಗೆ ಬಂತು ಆ ಕಡತ.
ಎರಡು ಸಲವೂ ನನ್ನ ಕೈಬರಹ: 'ಪರಿಶೀಲನೆಯಲ್ಲಿದೆ.'

ಪುಸ್ತಕ ಹೇಳಿದ ಸೊನ್ನೆಯನ್ನೇ ಕಪ್ಪು ಮಾಡಿದೆ.
ಒಂದು ಅಂಕ ಅಂದರೆ ಒಂದು ಅಂಕ.

ಪಟ್ಟಿ ಇನ್ನೂ ಬಂದಿಲ್ಲ.
ಯಾರೋ ಕೋರ್ಟಿಗೆ ಹೋಗಿದ್ದಾರಂತೆ, ಯಾರು ಹೋಗಿಲ್ಲ!
ಈ ಸೋಮವಾರ ಪಾಪಕ್ಕ ಬಂದಳು,
ಸೆರಗಿನಲ್ಲಿ ಎರಡು ಮಲಗೋಬ.
'ಸರ್ಕಾರಿ ಆಯ್ತೇನಮ್ಮಣ್ಣಿ?'
'ಇನ್ನೂ ಇಲ್ಲ ಅಕ್ಕ.'
ಸ್ಟೂಲು ಹತ್ತಿ ಕಟ್ಟು ಇಳಿಸಿದೆ, ಪುಡಿ ಊದಿದೆ.
ಮೇಲೆ ನನ್ನದೇ ಕೆಂಪು ಶಾಯಿ, ಆರ್ ತೊಂಬತ್ತೊಂಬತ್ತು.
ಒಳಗೆ ನೀಲಿಯಲ್ಲಿ
ಗೆರೆಯಿಂದ ಕೆಳಗಿಳಿಯುತ್ತಾ, ಒಂದು ಒತ್ತು ಮರೆತು,
ಇನ್ನೊಂದನ್ನು ನೆನಪಿಟ್ಟುಕೊಂಡು,
ಬಚಪ್ಪ.